ಹುಲ್ಲು ಕತ್ತರಿಸೋ ಮೆಷಿನ್ ನಿಂತರೆ ಮಾಳಿಯ ಸಂಬಳ ಕತ್ತರಿಸಬೇಕೆ?

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಬರಹ. ಜಗಳ ನಮ್ಮ ಸೊಸೈಟಿಯ ಕಮಿಟಿಯ ಜೊತೆ. ಆ ಕಮಿಟಿಯ ಖಜಾಂಚಿ ನಾನೇ ಆಗಿರುವುದರಿಂದ ಅರ್ಧ ಜಗಳ ನನ್ನ ಜೊತೆಗೇ ಅಂತ ಇಟ್ಟುಕೊಳ್ಳಿ.

ನಮ್ಮದು ಪುಣೆಯ 84 ಮನೆಗಳ ಸೊಸೈಟಿ. ನಡುವೆ ಒಂದು ಹುಲ್ಲುಹಾಸು ಇದೆ. ಅದರ ಮೇಲೆ ಯಾರೂ ಕಾಲಿಡಬಾರದು ಅಂತ ಬೋರ್ಡೂ ಇದೆ. ಯಾರೂ ಕಾಲಿಡದ ಜಾಗಕ್ಕೆ ಏಪ್ರಿಲ್-ಮೇನಲ್ಲಿ ಟ್ಯಾಂಕರ್ ನೀರು ಯಾಕೆ ಅಂತ ನಾನು ಪ್ರತಿ ವರ್ಷ ಕೇಳುತ್ತೇನೆ, ಪ್ರತಿ ವರ್ಷ ಸೋಲುತ್ತೇನೆ. ಹೋಗಲಿ ಬಿಡಿ, ಅದು ಬೇರೆ ಜಗಳ. ಆ ಹುಲ್ಲು ಕತ್ತರಿಸಲು ಪೆಟ್ರೋಲಿನ ಮೆಷಿನ್ ಒಂದಿದೆ. ದಾರ ಎಳೆದರೆ ಶುರುವಾಗುವಂಥದ್ದು, ಹಿಂದೆ ನಿಂತು ತಳ್ಳಿಕೊಂಡು ಹೋಗುವಂಥದ್ದು. ಅದನ್ನು ತಳ್ಳುವವರು ನಮ್ಮ ಮಾಳಿ. ಇಂಡಿ ತಾಲ್ಲೂಕಿನ ಕಡೆಯವರು, ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನಾನು ಕಾಕಾ ಅಂತಲೇ ಕರೆಯುವುದು. ಸಂಬಳ 13,500.

2025ರ ಜುಲೈ ಮೊದಲ ವಾರದಲ್ಲಿ ಮೆಷಿನ್ ತೊಂದರೆ ಕೊಡಲು ಶುರುಮಾಡಿತು. ಶುರುವಾಗುತ್ತೆ, ಎರಡು ಮೂರು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ದನಿ ಎಳೆದು ನಿಲ್ಲುತ್ತೆ. ಕಾಲು ಗಂಟೆ ಬಿಟ್ಟರೆ ಮತ್ತೆ ಶುರು, ಮತ್ತೆ ಎರಡು ಮೂರು ನಿಮಿಷ. ಸರ್ವೀಸ್ ಸೆಂಟರಿಗೆ ಕಳಿಸಿದೆವು. ಅವರು ಕಾರ್ಬೊರೇಟರ್ ಪೂರ್ತಿ ಬದಲಾಯಿಸಿ, ಪ್ಲಗ್ ಹೊಸದು ಹಾಕಿ, 4,800 ರೂಪಾಯಿ ಬಿಲ್ ಮಾಡಿ, 'ಅರ್ಧ ಗಂಟೆ ಓಡಿಸಿ ನೋಡಿದ್ದೇವೆ' ಅಂತ ಕಳಿಸಿದರು. ಬಂದ ದಿನವೇ ಮೂರು ನಿಮಿಷಕ್ಕೆ ನಿಂತಿತು. ಮತ್ತೆ ಒಯ್ದರೆ ಅಲ್ಲಿ ನಿಲ್ಲದೆ ಓಡುತ್ತೆ. ತಂದರೆ ಇಲ್ಲಿ ನಿಲ್ಲುತ್ತೆ.

ಅಲ್ಲಿ ಓಡುತ್ತೆ, ಇಲ್ಲಿ ನಿಲ್ಲುತ್ತೆ ಅಂದಮೇಲೆ ತಪ್ಪು ಯಾರದ್ದು? ಕಮಿಟಿಗೆ ಉತ್ತರ ಹತ್ತೇ ನಿಮಿಷದಲ್ಲಿ ಸಿಕ್ಕಿತು. ಮಾಳಿಗೆ ಮೆಷಿನ್ ನಡೆಸಲು ಬರುವುದಿಲ್ಲ. 4,800 ರೂಪಾಯಿಯನ್ನು ತಿಂಗಳಿಗೆ 1,200ರಂತೆ ನಾಲ್ಕು ಕಂತಿನಲ್ಲಿ ಅವರ ಸಂಬಳದಿಂದ ಹಿಡಿಯುವುದು. ಮುಂದೆ ನೋಡಿಕೊಂಡು 38,000ದ ಹೊಸ ಮೆಷಿನ್ ತರುವುದು. 'ನವೀನಚ್ ಘೇಊಯಾ' ಅಂದರು ಒಬ್ಬರು, ಹೊಸದೇ ತಗೊಂಡುಬಿಡೋಣ ಅಂತ. ಎಲ್ಲರೂ ತಲೆ ಹಾಕಿದರು. ಠರಾವಿಗೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಆಗಸ್ಟ್ ಸಂಬಳದಲ್ಲಿ 1,200, ಸೆಪ್ಟೆಂಬರ್ ಸಂಬಳದಲ್ಲಿ 1,200 ಹಿಡಿದಾಯಿತು. ವೋಚರ್ ಬರೆದದ್ದೂ ನಾನೇ.

ಈಗ ನನ್ನ ವಾದ ಕೇಳಿ. ಓಡುತ್ತಾ ಓಡುತ್ತಾ ನಿಲ್ಲುವ ಮೆಷಿನ್, ಶುರುವೇ ಆಗದ ಮೆಷಿನ್‌ಗಿಂತ ಎಷ್ಟೋ ಪ್ರಾಮಾಣಿಕ. ಏನು ಕಡಿಮೆಯಾಗಿದೆ ಅಂತ ಅದೇ ಹೇಳುತ್ತದೆ. ಕೇಳುವ ತಾಳ್ಮೆ ನಮಗಿಲ್ಲ ಅಷ್ಟೆ. ನಾನು ಬಿಕಾಂ ಓದಿದವನು, ಎಂಜಿನಿಯರ್ ಅಲ್ಲ. ನಮ್ಮ ಕಮಿಟಿಯಲ್ಲಿ ಎಂಜಿನಿಯರ್‌ಗಳೇ ಮೂವರಿದ್ದಾರೆ, ಅವರೂ ಕೇಳಲಿಲ್ಲ. ಆದರೆ ಹಳೆಯ ಸ್ಕೂಟರನ್ನು ಬೆಳಗ್ಗೆ ಬೆಳಗ್ಗೆ ಒಂದು ಕಡೆಗೆ ವಾಲಿಸಿ ಕಿಕ್ ಹೊಡೆದ ತಲೆಮಾರಿನವರಿಗೆಲ್ಲ ಇಷ್ಟು ಗೊತ್ತಿರಲೇಬೇಕು. ಎಂಜಿನ್ನಿಗೆ ಬೇಕಾದ್ದು ಮೂರು: ಪೆಟ್ರೋಲು, ಗಾಳಿ, ಕಿಡಿ. ಎರಡು ನಿಮಿಷ ಓಡಿತು ಅಂದರೆ ಆ ಎರಡು ನಿಮಿಷ ಮೂರೂ ಇದ್ದವು. ಮೂರನೇ ನಿಮಿಷದಲ್ಲಿ ಯಾವುದು ತಪ್ಪಿತು ಅನ್ನುವುದಷ್ಟೇ ಪ್ರಶ್ನೆ.

ಟಾಕಿಯಿಂದ ಪೆಟ್ರೋಲು ನೇರವಾಗಿ ಎಂಜಿನ್ನಿಗೆ ಹೋಗುವುದಿಲ್ಲ. ಕಾರ್ಬೊರೇಟರಿನ ಕೆಳಗೆ ಚಿಕ್ಕ ಬಟ್ಟಲಿದೆ. ಮೊದಲು ಅಲ್ಲಿ ತುಂಬುತ್ತದೆ, ಅದರೊಳಗಿನ ಫ್ಲೋಟು ತೇಲಿ ಬಾಗಿಲು ಮುಚ್ಚುತ್ತದೆ. ಎಂಜಿನ್ ಬಟ್ಟಲಿನಿಂದ ಹೀರಿದಂತೆ ಫ್ಲೋಟು ಇಳಿದು ಟಾಕಿಯಿಂದ ಮತ್ತೆ ಬರುತ್ತದೆ. ಬ್ಯಾಂಕಿನವರಿಗೆ ಹೇಳುವುದಾದರೆ ಬಟ್ಟಲು ಅಂದರೆ ಕ್ಯಾಷಿಯರ್ ಮುಂದಿನ ದುಡ್ಡು, ಟಾಕಿ ಅಂದರೆ ಸ್ಟ್ರಾಂಗ್ ರೂಮ್. ಬೆಳಗ್ಗೆ ಕೊಟ್ಟ ದುಡ್ಡು ಮುಗಿಯುವ ತನಕ ಕೌಂಟರ್ ನಡೆಯುತ್ತದೆ. ಸ್ಟ್ರಾಂಗ್ ರೂಮ್ ತೆಗೆಯದಿದ್ದರೆ ಹನ್ನೊಂದೂವರೆಗೆ ಕೌಂಟರ್ ನಿಲ್ಲುತ್ತದೆ. ಹೊರಗೆ ನಿಂತ ಗ್ರಾಹಕರು ಬೈಯುವುದು ಕ್ಯಾಷಿಯರನ್ನೇ.

ಟಾಕಿಯಿಂದ ಪೆಟ್ರೋಲು ಕೆಳಗಿಳಿಯಬೇಕಾದರೆ ಅದರ ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು. ಅದಕ್ಕೇ ಮುಚ್ಚಳದಲ್ಲಿ ಸಣ್ಣ ತೂತು ಇಟ್ಟಿರುತ್ತಾರೆ. ಆ ತೂತು ಮುಚ್ಚಿಹೋದರೆ ಒಳಗೆ ಗಾಳಿ ಎಳೆದು ಹಿಡಿದಂತಾಗಿ ಪೆಟ್ರೋಲು ಇಳಿಯುವುದಿಲ್ಲ. ಬಟ್ಟಲಲ್ಲಿದ್ದಷ್ಟು ಮುಗಿಯುವ ತನಕ ಓಡಿ ಮೆಷಿನ್ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲಿಂದಲೋ ನುಸುಳಿದ ಗಾಳಿಯಿಂದ ಒಂದಿಷ್ಟು ಇಳಿದು ಮತ್ತೆ ಶುರುವಾಗುತ್ತದೆ.

ಹಾಗಂತ ಇದೊಂದೇ ಕಾರಣ ಅಂತಲ್ಲ. ಕಿಡಿ ಕೊಡುವ ಕಾಯಿಲು ಕೆಡುತ್ತಾ ಬಂದಿದ್ದರೂ ಹೀಗೇ ಆಗುತ್ತದೆ. ತಣ್ಣಗಿದ್ದಾಗ ಕಿಡಿ ಕೊಡುತ್ತದೆ, ಬಿಸಿಯಾದ ಮೇಲೆ ಕೊಡುವುದಿಲ್ಲ, ಕಾಲು ಗಂಟೆ ಆರಿದರೆ ಮತ್ತೆ ಕೊಡುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಬೇರೆ ಮಾಡುವ ದಾರಿ ಸುಲಭ. ನಿಂತ ಕೂಡಲೇ ಮುಚ್ಚಳ ತಿರುಗಿಸಿ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಆರಲು ಬಿಡದೆ ದಾರ ಎಳೆದರೂ ಶುರುವಾದರೆ ತೊಂದರೆ ಮುಚ್ಚಳದ್ದು. ಶುರುವಾಗದೆ, ಪ್ಲಗ್ ಬಿಚ್ಚಿ ನೋಡಿದರೆ ಕಿಡಿಯೂ ಇಲ್ಲದಿದ್ದರೆ ಕಾಯಿಲಿನದ್ದು. (ಕಿಡಿ ನೋಡುವಾಗ ಟಾಕಿಯ ಮುಚ್ಚಳ ಮುಚ್ಚಿ, ಚೆಲ್ಲಿದ ಪೆಟ್ರೋಲು ಒರೆಸಿ, ಮಾರಾಯ್ರೆ.) ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದ ಕೂಡಲೇ ನಿಂತರೆ ಜೆಟ್ಟಿನ ತೂತಿನಲ್ಲಿ ಕಸ ಕೂತಿದೆ, ಪೆಟ್ರೋಲು ಸಾಲುತ್ತಿಲ್ಲ ಅಂತ ಅರ್ಥ. ಕಪ್ಪು ಹೊಗೆ ಉಗುಳಿ ನಿಂತರೆ ಗಾಳಿಯ ಫಿಲ್ಟರ್ ಕಟ್ಟಿದೆ. ಉದ್ದ ಹುಲ್ಲಿಗೆ ಹೋದಾಗ ಮಾತ್ರ ನಿಂತರೆ ಕೆಳಗೆ ಬ್ಲೇಡಿನ ಸುತ್ತ ಹಸಿ ಹುಲ್ಲು ಮೆತ್ತಿದೆ. ಹಿಡಿಕೆಯ ಜೊತೆ ಒತ್ತಿ ಹಿಡಿಯಬೇಕಾದ ಲಿವರ್ ಇರುತ್ತದಲ್ಲ, ಅದರ ಕೇಬಲ್ ಸಡಿಲವಾಗಿದ್ದರೂ ಕುಲುಕಾಟಕ್ಕೆ ನಿಲ್ಲುತ್ತದೆ.

ಬ್ಲೇಡಿನ ಹತ್ತಿರ ಕೈ ಹಾಕುವ ಮುಂಚೆ ಪ್ಲಗ್ಗಿನ ವಯರ್ ಕಿತ್ತಿಡಿ, ಇದನ್ನು ಮಾತ್ರ ಮರೆಯಬೇಡಿ. ವಾಲಿಸುವಾಗ ಕಾರ್ಬೊರೇಟರ್ ಇರುವ ಬದಿ ಮೇಲಕ್ಕೇ ಇರಲಿ. ಇಲ್ಲದಿದ್ದರೆ ಎಣ್ಣೆ ಇಳಿದು ಫಿಲ್ಟರ್ ತೊಯ್ದು ಹೊಸ ರೋಗ ಅಂಟುತ್ತದೆ.

ಹಳೆಯ ಪೆಟ್ರೋಲಿನ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಇದು ಈಗ ಮೊದಲಿನಂತಿಲ್ಲ. ಪೆಟ್ರೋಲಿಗೆ ಶೇ. 10ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2022ರಲ್ಲಿ ಮುಟ್ಟಿತು. 2030ಕ್ಕೆ ಅಂತ ಇಟ್ಟುಕೊಂಡಿದ್ದ ಶೇ. 20ರ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲೇ ಮುಟ್ಟಿದರು. ಕಬ್ಬು ಬೆಳೆಯುವವರಿಗೆ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಬ್ರಿಗ್ಸ್ ಅಂಡ್ ಸ್ಟ್ರಾಟನ್, ಹೋಂಡಾದಂಥ ಸಣ್ಣ ಎಂಜಿನ್ ಮಾಡುವವರು ತಮ್ಮ ಕೈಪಿಡಿಗಳಲ್ಲಿ ಎಥೆನಾಲ್ ಶೇ. 10 ದಾಟಬಾರದು ಅಂತ ಬರೆದಿರುತ್ತಾರೆ. ಎಥೆನಾಲಿಗೆ ನೀರು ಹೀರುವ ಗುಣ. ಮಳೆಗಾಲದಲ್ಲಿ ಬೇಸ್‌ಮೆಂಟಿನ ಪಂಪ್ ರೂಮಿನಲ್ಲಿ ಎರಡು ತಿಂಗಳು ಕೂತ ಕ್ಯಾನಿನಲ್ಲಿ ನೀರು ಹೆಚ್ಚಾದರೆ ನೀರು-ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ತಳ ಸೇರುತ್ತದೆ. ಎಂಜಿನ್ ಹೀರುವುದು ತಳದಿಂದಲೇ. ಒಂದು ತಿಂಗಳಿಗಾಗುವಷ್ಟು ಮಾತ್ರ ತನ್ನಿ ಅಂತ ತಿಳಿದವರು ಹೇಳುವುದು ಅದಕ್ಕೇ. ಕಮಿಟಿ ಉಳಿತಾಯ ಅಂತ ಹತ್ತು ಲೀಟರ್ ಒಟ್ಟಿಗೆ ತರಿಸುತ್ತದೆ.

ಇವುಗಳಲ್ಲಿ ಒಂದಕ್ಕಾದರೂ ಮೂರು ವರ್ಷದ ಡಿಗ್ರಿ ಬೇಕೆ? ಎರಡು ನಿಮಿಷ ನಿಂತು ನೋಡಬೇಕು, ನಡೆಸುವವನನ್ನು ಕೇಳಬೇಕು. ನಾವು ಯಾರೂ ಕೇಳಲಿಲ್ಲ. ಮೀಟಿಂಗ್ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ನಡೆಯಿತು. ಕಾಕಾ ಹೊರಗೆ ಲಿಫ್ಟಿನ ಹತ್ತಿರ ಕೂತಿದ್ದರು, ಒಳಗೆ ಕರೆಯಲಿಲ್ಲ. ಆ ಮೀಟಿಂಗಿನಲ್ಲಿ ಅವರ ಜೊತೆ ಕನ್ನಡ ಮಾತಾಡಬಲ್ಲವನು ನಾನೊಬ್ಬನೇ ಇದ್ದೆ. ನನಗೆ ಅದು ಹೊಳೆಯಲೇ ಇಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಸೆಪ್ಟೆಂಬರ್ ಸಂಬಳ ಕೊಟ್ಟಮೇಲೆ, ಅಕ್ಟೋಬರದ ಮೊದಲ ಭಾನುವಾರ ಬೆಳಗ್ಗೆ ವಾಕಿಂಗ್‌ಗೆ ಇಳಿದಿದ್ದೆ. ಕಾಕಾ ದಾರ ಎಳೆದು ಎಳೆದು ಬೆವರುತ್ತಿದ್ದರು. ಏನಾಗ್ತದ ಕಾಕಾ ಅಂತ ಸುಮ್ಮನೆ ಕೇಳಿದೆ. ಅವರು ಹೇಳಿದ್ದು ಹೀಗೆ:

"ಸಾಹೇಬ್ರ, ಚಾಲೂ ಅಕ್ಕೈತ್ರಿ. ಒಂದೆರಡ ಮಿನಿಟ ಬೇಶ್ ಓಡ್ತೈತಿ. ಆಮ್ಯಾಗ ಮೂಗ ಮುಚ್ಚಿ ಹಿಡದಂಗ ಉಸರ ಕಟ್ಟಿ ನಿಂದರತೈತ್ರಿ. ಜುಲೈದಾಗಿಂದ ಹೇಳಾಕತ್ತೀನಿ, ಯಾರೂ ಕಿವ್ಯಾಗ ಹಾಕ್ಕೊಳ್ಳವಲ್ರು."

ಮೂಗು ಮುಚ್ಚಿ ಹಿಡಿದಂತೆ. ನಾನು ಟಾಕಿಯ ಮುಚ್ಚಳ ನೋಡಿದೆ. ಮುಚ್ಚಳದ ಮೇಲೆ, ಅದರ ತೂತಿನ ಮೇಲೇ, ಅಗಲವಾದ ಕಂದು ಟೇಪು ಅಂಟಿಸಿತ್ತು. ಟೇಪಿನ ಮೇಲೆ ಎರಡು ಸಹಿ. ಒಂದು ವಾಚ್‌ಮನ್ನಿನದು, ಇನ್ನೊಂದು ನನ್ನದು.

ಇದನ್ನು ವಿವರಿಸಲೇಬೇಕು. ಜೂನ್ ತಿಂಗಳ ಖರ್ಚಿನಲ್ಲಿ ಪೆಟ್ರೋಲು ಮೇ ತಿಂಗಳಿಗಿಂತ ದುಪ್ಪಟ್ಟಾಗಿತ್ತು. ಕಮಿಟಿಯಲ್ಲಿ ಯಾರೋ 'ಮಾಳಿ ಬೈಕಿಗೆ ಹಾಕಿಕೊಳ್ಳುತ್ತಿರಬಹುದು' ಅಂದರು. (ಕಾಕಾ ಹತ್ತಿರ ಇರುವುದು ಸೈಕಲ್ಲು.) ಬ್ಯಾಂಕಿನವನಾದ ನಾನು ತಕ್ಷಣ ಉಪಾಯ ಕೊಟ್ಟೆ. ಪೆಟ್ರೋಲು ತುಂಬಿಸಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ ಇಬ್ಬರು ಸಹಿ ಮಾಡುವುದು, ಇಬ್ಬರಿದ್ದಾಗಲೇ ತೆಗೆಯುವುದು. ನಮ್ಮಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ ಇರುತ್ತಲ್ಲ, ಹಾಗೆ. ಎಲ್ಲರೂ ಭೇಷ್ ಅಂದರು. ನನಗೂ ಹೆಮ್ಮೆಯಾಗಿತ್ತು. ಮೇ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ಕತ್ತರಿಸಿದ ಹುಲ್ಲನ್ನು ಮಳೆ ಬಿದ್ದ ಮೇಲೆ ವಾರಕ್ಕೊಮ್ಮೆ ಕತ್ತರಿಸಬೇಕು, ಒದ್ದೆ ಹುಲ್ಲಿಗೆ ಎಂಜಿನ್ ಹೆಚ್ಚು ಕುಡಿಯುತ್ತದೆ ಅನ್ನುವ ಸರಳ ಲೆಕ್ಕ ಮೂವತ್ತು ವರ್ಷ ಲೆಕ್ಕ ಬರೆದವನಿಗೆ ಹೊಳೆಯಲಿಲ್ಲ.

ಟೇಪು ಹರಿದೆ. ಮುಚ್ಚಳ ತಿರುಗಿಸಿದೆ. ಸುಯ್ ಅಂತು. ಮುಚ್ಚಳ ಹಾಗೇ ಸಡಿಲವಾಗಿ ಕೂರಿಸಿ ಕಾಕಾ ದಾರ ಎಳೆದರು, ಒಂದೇ ಎಳೆತಕ್ಕೆ ಶುರು. ಇಡೀ ಹುಲ್ಲುಹಾಸು ಮುಗಿಯುವ ತನಕ ನಿಲ್ಲಲಿಲ್ಲ. ಮತ್ತೆ ಟೇಪು ಹಾಕಿ ನೋಡಿದೆ, ಮೂರು ನಿಮಿಷಕ್ಕೆ ನಿಂತಿತು. ತೆಗೆದೆ, ಓಡಿತು. ಇನ್ನೊಮ್ಮೆ ಹಾಕಿದೆ, ನಿಂತಿತು. ಸರ್ವೀಸ್ ಸೆಂಟರಿನಲ್ಲಿ ಯಾಕೆ ನಿಲ್ಲದೆ ಓಡುತ್ತಿತ್ತು ಅನ್ನುವುದೂ ಆಗಲೇ ತಿಳಿಯಿತು. ಅವರು ಪೆಟ್ರೋಲು ನೋಡಲು ಟೇಪು ಹರಿದು ಹಾಕುತ್ತಿದ್ದರು. ಇಲ್ಲಿಗೆ ಬಂದ ಕೂಡಲೇ ನಾವು ಹೊಸ ಟೇಪು ಸುತ್ತಿ, ಸಹಿ ಹಾಕಿ, ಅದರ ಮೂಗು ಮುಚ್ಚುತ್ತಿದ್ದೆವು.

38,000ದ ಹೊಸ ಮೆಷಿನ್ ತಂದಿದ್ದರೂ ಅದೂ ನನ್ನ ಟೇಪಿನ ಕೆಳಗೆ ಮೂರು ನಿಮಿಷಕ್ಕೇ ನಿಲ್ಲುತ್ತಿತ್ತು. ಆಗ ಕಾಕಾನ ಕೆಲಸವೇ ಹೋಗುತ್ತಿತ್ತು. ಎರಡೆರಡು ಮೆಷಿನ್ ಕೆಡಿಸಿದವನು ಅಂತ ಹೆಸರು ಬೇರೆ.

ಸರ್ವೀಸ್ ಸೆಂಟರಿನವರನ್ನೂ ಸುಮ್ಮನೆ ಬಿಡುವುದಿಲ್ಲ. ಚೆನ್ನಾಗಿದ್ದ ಕಾರ್ಬೊರೇಟರ್ ಯಾಕೆ ಬದಲಾಯಿಸಿದರು? ಏನು ನೋಡಿ ಅದು ಕೆಟ್ಟಿದೆ ಅಂದರು? ಹಳೆಯದನ್ನು ವಾಪಸ್ ಕೊಡಲಿಲ್ಲ, ನಾವೂ ಕೇಳಲಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ವಿಭಾಗ ಇಟ್ಟುಕೊಂಡರು. ಒಳ್ಳೆಯ ಕೆಲಸ, ಕೈಪಿಡಿ ಕೊಡಿ, ಬಿಡಿಭಾಗ ಕೊಡಿ ಅಂತ ಕಂಪನಿಗಳನ್ನು ಕೇಳಲೇಬೇಕು. ಆದರೆ ನಮ್ಮ ಮೆಷಿನ್ನಿನ ಕೈಪಿಡಿ ಸೊಸೈಟಿ ಆಫೀಸಿನ ಕಪಾಟಿನಲ್ಲಿ ಪ್ಲಾಸ್ಟಿಕ್ ಕವರೂ ಬಿಚ್ಚದೆ ಇತ್ತು. ಅದರಲ್ಲಿ ತೊಂದರೆಗಳ ಪಟ್ಟಿ ಇದೆ, ಮುಚ್ಚಳದ ತೂತು ಪಟ್ಟಿಯ ಮೇಲ್ಭಾಗದಲ್ಲೇ ಇದೆ. ಇಂಗ್ಲಿಷಿನಲ್ಲಿದೆ. ಓದಲು ಬರುವ ಒಂಬತ್ತು ಜನ ಕಮಿಟಿಯಲ್ಲಿದ್ದರು. ಓದಲು ಬಾರದ ಒಬ್ಬನಿಗೆ ದಂಡ ಹಾಕಿದೆವು.

ಅಂದ ಹಾಗೆ, ಈ ಮೆಷಿನ್ನನ್ನು ಮೊದಲು ಮಾಡಿದವನು ಎಡ್ವಿನ್ ಬಡಿಂಗ್ ಅಂತ, ಇಂಗ್ಲೆಂಡಿನ ಸ್ಟ್ರೌಡ್ ಕಡೆಯವನು. ಉಣ್ಣೆ ಬಟ್ಟೆಯ ಮೇಲಿನ ನವಿರು ಕತ್ತರಿಸುವ ಗಿರಣಿ ಯಂತ್ರ ನೋಡಿ 1830ರಲ್ಲಿ ಹುಲ್ಲಿಗೂ ಅದನ್ನೇ ಮಾಡಿದ. ಒಂದು ಮೆಷಿನ್ನಿನ ಮುಂದೆ ನಿಂತು ಅದು ಏನು ಮಾಡುತ್ತಿದೆ ಅಂತ ನೋಡಿದ, ಅಷ್ಟೆ.

ಈಗ ಕಮಿಟಿಯ ಸಮರ್ಥನೆಗೆ ಬರುತ್ತೇನೆ. ವಾಟ್ಸಾಪಿನಲ್ಲಿ ಮೂರು ಮಾತು ಬಂದಿವೆ.

ಒಂದು, 'ನಮಗೆಲ್ಲ ಕೆಲಸ ಇದೆ, ಇಷ್ಟು ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವುದು ಯಾಕೆ?' 4,800 ರೂಪಾಯಿಯನ್ನು 84 ಮನೆಗೆ ಹಂಚಿದರೆ ಮನೆಗೆ 57 ರೂಪಾಯಿ. ಹೌದು, ನಮಗೆ ಸಣ್ಣದೇ. ಕಾಕಾಗೆ ಅದು ಒಂದು ತಿಂಗಳ ಸಂಬಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. 57 ರೂಪಾಯಿ ನಮಗೆ ಅಷ್ಟು ಸಣ್ಣದಾಗಿದ್ದರೆ ಅದನ್ನು ಅವರಿಂದ ಹಿಡಿಯುವ ಠರಾವು ಯಾಕೆ ಮಾಡಿದೆವು?

ಎರಡು, 'ಇನ್ನು ಮುಂದೆ ಹಿಡಿಯುವುದು ಬೇಡ, ಆದರೆ ಹಿಡಿದದ್ದು ಹಿಡಿದಾಯಿತು, ವಾಪಸ್ ಕೊಟ್ಟರೆ ಕೆಟ್ಟ ಪದ್ಧತಿಯಾಗುತ್ತದೆ.' ಇದು ನನಗೆ ನಿಜವಾಗಿ ಸಿಟ್ಟು ತರಿಸಿದ ಮಾತು. ಗ್ರಾಹಕನ ಖಾತೆಗೆ ತಪ್ಪಾಗಿ ಖರ್ಚು ಹಾಕಿದ್ದು ಗೊತ್ತಾದ ಮೇಲೆ 'ಮುಂದೆ ಹಾಕುವುದಿಲ್ಲ, ಹಾಕಿದ್ದು ಹಾಕಿದಾಯಿತು' ಅಂತ ನಾನು ಕೌಂಟರಿನಲ್ಲಿ ಹೇಳಿದರೆ ಇದೇ ಜನ ಬ್ಯಾಂಕಿನ ಬಾಗಿಲು ಮುರಿಯುತ್ತಾರೆ. ಹೇಳಬೇಕೆಂದರೆ ಹಿಡಿದದ್ದೇ ಕಾನೂನಿಗೆ ಸರಿಯಿಲ್ಲ. ಕೆಲಸದವನ ಅಲಕ್ಷ್ಯದಿಂದಲೇ ನಷ್ಟವಾಗಿರಬೇಕು, ಹಿಡಿಯುವ ಮುಂಚೆ ಅವನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು ಅನ್ನುವುದು 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ನಮ್ಮಲ್ಲಿ ಕ್ಯಾಷಿಯರ್ ಹತ್ತಿರ ಐನೂರು ರೂಪಾಯಿ ಕಡಿಮೆ ಬಂದು ವಿಷಯ ದೊಡ್ಡದಾದರೆ ವಿವರಣೆ ಕೇಳುತ್ತಾರೆ, ಚಾರ್ಜ್‌ಶೀಟ್ ಕೊಡುತ್ತಾರೆ, ವಿಚಾರಣೆಗೆ ಅಧಿಕಾರಿ ಬರುತ್ತಾರೆ, ಕ್ಯಾಷಿಯರ್ ಪರವಾಗಿ ಮಾತಾಡಲು ಯೂನಿಯನ್ನಿನವರು ಕೂರುತ್ತಾರೆ. ಎಷ್ಟೋ ವಿಚಾರಣೆಗಳಲ್ಲಿ ನಾನು ಕೂತಿದ್ದೇನೆ. ಕಾಕಾಗೆ ಹತ್ತು ನಿಮಿಷ, ಅದೂ ಬಾಗಿಲು ಮುಚ್ಚಿಕೊಂಡು.

ಮೂರು, 'ಟೇಪು ಅಂಟಿಸಿದ್ದು ಖಜಾಂಚಿ, ಹಾಗಿದ್ದರೆ ಅವರೇ ಕೊಡಲಿ.' ಇದನ್ನು ತಮಾಷೆಗೆ ಬರೆದಿದ್ದಾರೆ, ಕೆಳಗೆ ನಗುವ ಮುಖಗಳಿವೆ. ಇದೇ ನ್ಯಾಯ ಅಂತ ನನಗೂ ಅನ್ನಿಸಿ, 2,400 ರೂಪಾಯಿ ಜೇಬಿನಿಂದ ತೆಗೆದು ಕಾಕಾ ಕೈಗೆ ಕೊಡಲು ಹೋದೆ. ಅವರು ತಗೊಳ್ಳಲಿಲ್ಲ.

"ನಿಮ್ಮ ರೊಕ್ಕ ಬ್ಯಾಡ್ರಿ ಸಾಹೇಬ್ರ. ನಾ ಕೆಡಿಸೇನಿ ಅಂತ ಬುಕ್ಕಿನ್ಯಾಗ ಬರದಾರಂತ, ಅದನ್ನ ತಗಸ್ರಿ."

ಅವರು ಹೇಳಿದ್ದೇ ಸರಿ. ನಾನು ಜೇಬಿನಿಂದ ಕೊಟ್ಟರೆ ಅದು ದಾನ, ಠರಾವು ಹಾಗೇ ಉಳಿಯುತ್ತದೆ. ನಾಳೆ ಕಮಿಟಿ ಬದಲಾಗುತ್ತದೆ, ಹೊಸಬರು ಹಳೆಯ ಪುಸ್ತಕ ತೆಗೆದು ನೋಡಿದರೆ ಸಿಗುವುದು 'ಮಾಳಿಯ ನಿರ್ಲಕ್ಷ್ಯದಿಂದ ಯಂತ್ರ ಕೆಟ್ಟಿದೆ' ಅನ್ನುವ ಸಾಲು.

ಹಾಗಾಗಿ ಬರುವ ಭಾನುವಾರದ ಮೀಟಿಂಗಿಗೆ ನಾನು ಮೂರು ವಿಷಯ ಕೊಟ್ಟಿದ್ದೇನೆ. ಆ ಸಾಲನ್ನು ರದ್ದು ಮಾಡಿ, ಖಜಾಂಚಿ ಸೂಚಿಸಿದ ಟೇಪಿನಿಂದ ಯಂತ್ರ ನಿಲ್ಲುತ್ತಿತ್ತು ಅಂತ ಬರೆಯುವುದು. ಹಿಡಿದ 2,400 ರೂಪಾಯಿಯನ್ನು ಸೊಸೈಟಿ ಖಾತೆಯಿಂದ, ಸಂಬಳದ ಹೆಸರಿನಲ್ಲೇ, ವಾಪಸ್ ಕೊಡುವುದು. ಹೊಸ ಮೆಷಿನ್ ಕೈಬಿಡುವುದು. ನಾಲ್ಕನೆಯದೂ ಒಂದಿದೆ, ಕಾಕಾ ಮೀಟಿಂಗಿನ ಒಳಗೆ ಬಂದು ಕುರ್ಚಿಯ ಮೇಲೆ ಕೂರುವುದು. ಅದನ್ನು ಅಜೆಂಡಾದಲ್ಲಿ ಬರೆಯಲು ಕಾರ್ಯದರ್ಶಿ ಒಪ್ಪಲಿಲ್ಲ. ನಾನೇ ಕರೆದುಕೊಂಡು ಹೋಗುತ್ತೇನೆ.

ವೋಚರ್ ಬರೆದಿಟ್ಟಿದ್ದೇನೆ. ನನ್ನ ಸಹಿ ಆಗಿದೆ, ಇನ್ನೊಂದು ಸಹಿ ಬೇಕು. ಟೇಪಿನ ಸುರುಳಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಮೆಷಿನ್ ಮಾತ್ರ ಇವತ್ತು ಬೆಳಗ್ಗೆ ನಲವತ್ತು ನಿಮಿಷ ಓಡಿತು.